ಬಿಗಿ ತೋಳಿನ ಅಂಗಿ

ಗುರುವಾರ ಬಂತೆಂದರೆ ತುಯಿರೆಗೆ ಬಟಾಣಿ ಸೂಪಿನಿಂದ ಬಿಡುಗಡೆಯೇ ಇಲ್ಲ. ಹಗಲೆಲ್ಲ ಶಾಲೆಯ ಅಡುಗೆಮನೆಯಲ್ಲಿ ಹಂಡೆಗಟ್ಟಲೆ ಅದನ್ನೇ ಬೇಯಿಸಿ, ಸಂಜೆ ಮನೆಗೆ ಬಂದು ನಾಲ್ವರಿಗೆ ಮತ್ತೆ ಅದನ್ನೇ ಬೇಯಿಸಬೇಕು. ಊರಿಗೆ ಊರೇ ಗುರುವಾರ ಬಟಾಣಿ ಸೂಪು ಕುಡಿಯುವಾಗ ನಮ್ಮ ಮನೆಗೇನು ಕೊಂಬು ಮೂಡಿದೆಯೇ ಎನ್ನುವುದು ಅತ್ತೆ ಔನೆಯವರ ವಾದ. ಹೋದ ಚಳಿಗಾಲದಲ್ಲಿ ಎಡಗಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿ ಬಂದ ಮೇಲೆ ಅವರು ವಾರ್ಕೌಸ್ ಊರಿನ ಈ ಸಾಲುಮನೆಯಲ್ಲಿ ಮಗ ಸೊಸೆಯ ಜೊತೆಗೇ ಇದ್ದರು. ಕಾಲು ಸೋತಿತ್ತೇ ಹೊರತು ನಾಲಿಗೆ ಸೋತಿರಲಿಲ್ಲ.

ಆ ಗುರುವಾರ ಮಗಳು ಸಿಲ್ಯಾ ಜಿಮ್ಮಿನಿಂದ ನೇರವಾಗಿ ಊಟದ ಮೇಜಿಗೆ ಬಂದಳು. ಮೈಗೆ ಅಂಟಿಕೊಂಡ ಕಪ್ಪು ಅಂಗಿ. ತೋಳು ಅಂಗೈಯವರೆಗೂ ಇಳಿದು, ಹೆಬ್ಬೆರಳು ತೂರಿಸಲು ಒಂದು ತೂತು.

"ಇದೇನೇ ಇದು, ತೊಗಲಿಗೆ ಸಾಸೇಜು ತುರುಕಿದ ಹಾಗೆ?" ಅಂದ ಅಪ್ಪ ಇಲ್ಪೊ. ಅವನು ಬಸ್ ಓಡಿಸುವವನು. ದಿನವಿಡೀ ಮಾತಾಡದೆ ಕೂತು, ಉಳಿಸಿಕೊಂಡ ಹಾಸ್ಯವನ್ನೆಲ್ಲ ಊಟಕ್ಕೆ ತರುತ್ತಿದ್ದ.

"ಕಂಪ್ರೆಶನ್ ಅಂಗಿ ಅಪ್ಪ. ಭಾರ ಎತ್ತುವಾಗ ಮಾಂಸಖಂಡನ ಗಟ್ಟಿಯಾಗಿ ಹಿಡ್ಕೊಂಡಿರತ್ತೆ. ಮಾರನೇ ದಿನ ನೋವು ಕಮ್ಮಿ."

"ಎಷ್ಟು ಕೊಟ್ಟೆ?" ತುಯಿರೆ ಸೌಟು ಕೆಳಗಿಡದೆ ಕೇಳಿದಳು.

"ಎಂಬತ್ತು."

"ಎಂಬತ್ತು ಯೂರೋನಾ! ಮೂಗಿಗಿಂತ ಮೂಗುತಿ ಭಾರ ಆಯ್ತು. ಇದನ್ನ ಹಾಕ್ಕೊಂಡ್ರೆ ಹತ್ತು ಕಿಲೋ ಜಾಸ್ತಿ ಎತ್ತುತೀಯಾ?"

"ಜಾಸ್ತಿ ಏನೂ ಎತ್ತಲ್ಲ ಅಮ್ಮ."

"ಐದು?"

"ಎತ್ತಲ್ಲ ಅಂದ್ನಲ್ಲ."

"ಮತ್ತೆ ಯಾಕೆ ಬೇಕಿತ್ತು?"

"ಅರ್ಧ ಪ್ರಯೋಜನ ಮೈಗೆ, ಅರ್ಧ ಮನಸ್ಸಿಗೆ ಅಂತಾರೆ ಕೋಚ್."

"ಅಡ್ಡಗೋಡೆ ಮೇಲೆ ದೀಪ ಇಡೋಕೆ ಆ ಕೋಚಿಗೆ ತಿಂಗಳಾ ತಿಂಗಳಾ ದುಡ್ಡು ಬೇರೆ!"

ತುಯಿರೆಯ ದನಿ ಯಾವಾಗಲೂ ಹೀಗೇ, ಬೇಕಾದ್ದಕ್ಕಿಂತ ಒಂದು ಪಟ್ಟು ಜಾಸ್ತಿ. ಇಪ್ಪತ್ತು ವರ್ಷ ಹೊಗೆ ಎಳೆಯುವ ಫ್ಯಾನುಗಳ ಕೆಳಗೆ ನಿಂತು, ಅವುಗಳ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಹಾಗೆ ಕೂತುಬಿಟ್ಟಿತ್ತು. ಪ್ರೀತಿಯಿಂದ "ಇನ್ನೊಂದು ಸೌಟು ಹಾಕ್ಲಾ" ಅಂದರೂ ಎದುರಿಗಿದ್ದವರು ಬೆಚ್ಚಿ ತಟ್ಟೆ ಮುಂದೆ ಹಿಡಿಯುತ್ತಿದ್ದರು. ಅದು ಅವಳಿಗೆ ಗೊತ್ತಿರಲಿಲ್ಲ.

"ಸುಮ್ನಿರೇ ತುಯಿರೆ," ಅಂದರು ಔನೆ. "ಬಿಗಿ ಬಟ್ಟೆ ಅಂದ್ರೇನು ಅಂತ ನನ್ನ ಕೇಳು. ಈ ಕಾಲುಚೀಲ ಇಲ್ದಿದ್ರೆ ನನ್ನ ಕಾಲು ಇಷ್ಟೊತ್ತಿಗೆ ಕಂಬ ಆಗಿರ್ತಿತ್ತು. ಡಾಕ್ಟ್ರೇನು ಹುಚ್ಚರಾ ಇದನ್ನ ಬರ್ಕೊಡೋಕೆ?"

"ನಿಮ್ಮದು ಕಾಯಿಲೆ ಅತ್ತೆ. ಇವಳದು ಷೋಕಿ."

ಸಿಲ್ಯಾ ಅಜ್ಜಿಯ ಕಡೆ ಕಣ್ಣು ಮಿಟುಕಿಸಿ ಸೂಪಿಗೆ ಅರೆದ ಸಾಸಿವೆ ಕಲಸಿಕೊಂಡಳು. ಅವಳಿಗೆ ಇಪ್ಪತ್ತು ವರ್ಷ. ಕಬ್ಬಿಣದ ಸಾಮಾನಿನ ಅಂಗಡಿಯ ಗೋದಾಮಿನಲ್ಲಿ ಕೆಲಸ, ಕೆಲಸ ಬಿಟ್ಟರೆ ಜಿಮ್ಮು. ನವೆಂಬರಿನಲ್ಲಿ ಕುವೊಪಿಯೊ ನಗರದಲ್ಲಿ ಭಾರ ಎತ್ತುವ ಸ್ಪರ್ಧೆ. ಹುಡುಗಿ ಜೀವನದಲ್ಲಿ ಮೊದಲ ಸಲ ಒಂದನ್ನು ಬೇಕು ಅಂತ ಹಿಡಿದಿದ್ದಳು.

ಅಕ್ಟೋಬರ್ ಬಂತು, ಬರ್ಚ್ ಮರಗಳೆಲ್ಲ ಬೋಳಾದವು. ಸಿಲ್ಯಾ ಆ ಅಂಗಿಯನ್ನು ಮೈಯಿಂದ ತೆಗೆಯುವುದನ್ನೇ ಬಿಟ್ಟಳು. ಇನ್ನೊಂದು ಕೊಂಡು ತಂದಳು. ಒಂದು ಒಗೆಯಲು, ಒಂದು ಮೈಮೇಲೆ. ಊಟಕ್ಕೂ ಅದೇ, ಕೆಲಸಕ್ಕೂ ಅದೇ, ಮಲಗುವಾಗಲೂ ಅದೇ.

ಬಟ್ಟೆ ಒಣಹಾಕುವುದು ತುಯಿರೆಯ ಪಾಲಿನ ಕೆಲಸ. ಒಂದು ದಿನ ಆ ಕಪ್ಪು ಅಂಗಿಯನ್ನು ಕೊಡವಿ ಹರವಿದವಳು ಹಾಗೇ ನಿಂತಳು. ಬಲತೋಳು ಎಡತೋಳಿಗಿಂತ ಅಗಲವಾಗಿತ್ತು. ಹೊಲಿಗೆ ಹಿಗ್ಗಿ ಒಂದು ಕಡೆ ದಾರ ಬಾಯ್ಬಿಟ್ಟಿತ್ತು. ಎರಡೂ ತೋಳನ್ನು ಒಂದರ ಮೇಲೊಂದು ಮಡಿಸಿ ನೋಡಿದಳು. ಅನುಮಾನವೇ ಇಲ್ಲ. ಎರಡು ಕೈಯಲ್ಲೂ ಎತ್ತುವವಳಿಗೆ ಒಂದೇ ತೋಳು ದಪ್ಪ ಆಗುವುದೆಂದರೇನು?

ಅದೇ ತಂತಿಯ ಮೇಲೆ ಅತ್ತೆಯ ಕಾಲುಚೀಲಗಳೂ ಇದ್ದವು. ಎರಡು ಜೊತೆ ಇರಬೇಕಾದಲ್ಲಿ ಮೂರೇ ಚೀಲ.

"ಅತ್ತೆ, ನಿಮ್ಮ ಒಂದು ಕಾಲುಚೀಲ ಕಾಣ್ತಿಲ್ಲ."

"ಎಲ್ಲೋ ಬಿದ್ದಿರತ್ತೆ ಬಿಡು," ಅಂದರು ಔನೆ, ಮುಖ ಎತ್ತದೆ. ಒಂದು ಪಿನ್ನು ಕಳೆದರೂ ಮನೆ ತಲೆಕೆಳಗೆ ಮಾಡುವ ಹೆಂಗಸು! ತುಯಿರೆಗೆ ವಿಚಿತ್ರ ಅನಿಸಿತು. ಆದರೆ ಅವಳ ತಲೆಯೆಲ್ಲ ಆ ಅಗಲವಾದ ತೋಳಿನಲ್ಲೇ ಇತ್ತು.

ಇನ್ನೊಂದು ವಿಷಯ ಅದಕ್ಕಿಂತ ಹೆಚ್ಚು ಕೊರೆಯುತ್ತಿತ್ತು. ಶನಿವಾರ ಸಂಜೆ ಮನೆಯ ಹಬೆಕೋಣೆ, ಆ ಸೌನಾ, ಕಾಯಿಸಿದರೆ ಮೊದಲ ಸರದಿ ಹೆಂಗಸರದು. ಸಿಲ್ಯಾ ಕೈಗೂಸಾಗಿದ್ದಾಗಿನಿಂದ ಬರಿಮೈಯಲ್ಲಿ ಹಲಗೆಯ ಮೇಲೆ ಸಾಲಾಗಿ ಕೂತು ಬೆವರು ಹರಿಸಿದ ಮೂವರು ಅವರು. ಔನೆ ಬೇರೆ ಮನೆಯಲ್ಲಿದ್ದಾಗಲೂ ಶನಿವಾರ ತಪ್ಪಿಸುತ್ತಿರಲಿಲ್ಲ. ಮಾತು ಬಿಟ್ಟ ವಾರದಲ್ಲೂ ಸೌನಾ ಬಿಟ್ಟವರಲ್ಲ. ಈಗ ಸಿಲ್ಯಾ ಒಂದು ಶನಿವಾರ ಮುಟ್ಟು ಅಂದಳು. ಮುಂದಿನ ಶನಿವಾರ ಜಿಮ್ಮು ತಡ ಆಯಿತು ಅಂದಳು. ಅದರ ಮುಂದಿನ ಶನಿವಾರ ಏನೂ ಹೇಳದೆ ಕೋಣೆಯ ಬಾಗಿಲು ಹಾಕಿಕೊಂಡಳು.

ತುಯಿರೆ ಇದನ್ನು ಕೆಲಸದಲ್ಲಿ ಗೆಳತಿ ಪಿರ್ಯೊಳ ಹತ್ತಿರ ಬಾಯಿಬಿಟ್ಟಳು. ಬಾಯಿಬಿಡಬಾರದಿತ್ತು.

"ಸೌನಾಗೆ ಬರ್ತಿಲ್ವಾ?" ಪಿರ್ಯೊ ಆಲೂಗಡ್ಡೆಯ ಬುಟ್ಟಿ ಕೆಳಗಿಟ್ಟಳು. "ಅಂದ್ರೆ ಮೈಯಲ್ಲಿ ತೋರಿಸಬಾರದ್ದು ಏನೋ ಇದೆ ಕಣೇ. ನನ್ನ ಅಣ್ಣನ ಮಗನೂ ಹೀಗೇ ಇದ್ದ. ಉದ್ದ ತೋಳಿನ ಅಂಗಿ, ಜಿಮ್ಮು ಜಿಮ್ಮು ಅಂತ ಜಪ. ಕೊನೇಗೆ ಏನು? ಸೂಜಿ. ಮೈ ಬೆಳೆಸೋ ಔಷಧಿ. ಬೆಂಕಿ ಇಲ್ದೆ ಹೊಗೆ ಆಡಲ್ಲ."

"ಆಮೇಲೆ ಅವನಿಗೇನಾಯ್ತು?"

ಪಿರ್ಯೊ ಬುಟ್ಟಿ ಎತ್ತಿಕೊಂಡು ಹೋದಳು. ಆ ದಿನ ತುಯಿರೆ ಮಕ್ಕಳ ಗಂಜಿಗೆ ಎರಡು ಸಲ ಉಪ್ಪು ಹಾಕಿದಳು.

ಅಂದು ಸಂಜೆ ಮಗಳ ಚೀಲ ಹೊಸ್ತಿಲಲ್ಲೇ ಬಿದ್ದಿತ್ತು. ತುಯಿರೆ ಮೊಣಕಾಲೂರಿ ಅದನ್ನು ತಡಕಾಡಿದಳು. ಸೊಂಟದ ಪಟ್ಟಿ, ಕೈಗೆ ಹಚ್ಚುವ ಸೀಮೆಸುಣ್ಣ, ಕಪ್ಪಾದ ಬಾಳೆಹಣ್ಣಿನ ಸಿಪ್ಪೆ. ಸೂಜಿ ಇಲ್ಲ. ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಸಿಗದೇ ಇದ್ದದ್ದು ಬೇರೆಲ್ಲೋ ಇದೆ ಅನಿಸಿತು.

"ನನ್ನ ಚೀಲದಲ್ಲಿ ಏನು ಹುಡುಕ್ತಿದ್ದೀಯ?"

ಸಿಲ್ಯಾ ಹಿಂದೆಯೇ ನಿಂತಿದ್ದಳು.

"ಸೂಜಿ ಎಲ್ಲಿಟ್ಟಿದ್ದೀಯ?"

"ಸೂಜಿನಾ?" ಹುಡುಗಿ ಒಂದು ಕ್ಷಣ ಬೆಪ್ಪಾಗಿ, ಆಮೇಲೆ ಕೆಟ್ಟದಾಗಿ ನಕ್ಕಳು. "ನನ್ನನ್ನ ಅಂಥವಳು ಅಂದ್ಕೊಂಡ್ಯಾ?"

"ಅಂದ್ಕೊಳ್ಳದೆ? ಅಂಗಿ ಬಿಚ್ಚು. ತೋಳು ತೋರಿಸು."

"ತೋರಿಸಲ್ಲ. ನಾನೇನು ಮಗುನಾ?"

"ತೋರಿಸೋಕೆ ಏನು ಕಷ್ಟ? ಹೆತ್ತೋಳಿಗೆ ಕಾಣಬಾರದ್ದು ಏನಿದೆ ಅದರಲ್ಲಿ?"

"ಏನೂ ಇಲ್ಲ! ಸ್ವಲ್ಪ ನೋವಿದೆ, ಅಷ್ಟೇ. ಎಲ್ಲರಿಗೂ ಇರತ್ತೆ!"

"ಹಾಗಿದ್ರೆ ಕೇಳು," ತುಯಿರೆಯ ದನಿ ಪಕ್ಕದ ಮನೆಗೂ ಮುಟ್ಟಿತು. "ಆ ತೋಳು ನನ್ನ ಕಣ್ಣಿಗೆ ಬೀಳೋವರೆಗೂ ನೀನು ಕುವೊಪಿಯೊಗೆ ಕಾಲಿಡಲ್ಲ. ನೋವಂತೆ ನೋವು! ನಾಳೆನೇ ಆ ಕೋಚಿಗೆ ಫೋನ್ ಮಾಡಿ ನಿನ್ನ ಹೆಸರು ಹೊಡೆಸಿ ಹಾಕ್ತೀನಿ!"

"ಬಸ್ಸಿನ ತುಂಬ ಜನ ಇದ್ರೂ ಇಷ್ಟು ಗಲಾಟೆ ಇರಲ್ಲಪ್ಪ," ಅನ್ನುತ್ತ ಇಲ್ಪೊ ಒಳಗೆ ಬಂದ. ಯಾರೂ ನಗಲಿಲ್ಲ. ಸಿಲ್ಯಾ ಎಡಗೈಯಲ್ಲಿ ಚೀಲ ಎಳೆದುಕೊಂಡು ಹೋದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಔನೆ ಏನೋ ಹೇಳಲು ಬಾಯಿ ತೆರೆದವರು, ಸೊಸೆಯ ಮುಖ ನೋಡಿ ಹಿಂದೆ ಸರಿದರು.

ತುಯಿರೆ ಫೋನ್ ಮಾಡಲಿಲ್ಲ. ಗದರಿಸುವುದು ಬೇರೆ, ಮಗಳ ಆಸೆಗೆ ಕಲ್ಲು ಹಾಕುವುದು ಬೇರೆ. ಆದರೆ ಫೋನ್ ಮಾಡುವುದಿಲ್ಲ ಅಂತ ಯಾರಿಗೂ ಹೇಳಲೂ ಇಲ್ಲ.

ಆ ಮೇಲೆ ಮನೆ ತಣ್ಣಗಾಯಿತು. ತುಯಿರೆಯ ಭಯ ಮಾತ್ರ ದಿನದಿನಕ್ಕೂ ಹೆಚ್ಚಿತು. ಸಿಲ್ಯಾ ಎಡಗೈಯಲ್ಲಿ ಊಟ ಮಾಡುತ್ತಿದ್ದಳು. ಮಾಂಸದುಂಡೆಯನ್ನು ಮುಳ್ಳುಚಮಚದ ಅಂಚಿನಿಂದಲೇ ಒತ್ತಿ ಮುರಿಯುತ್ತಿದ್ದಳು, ಚಾಕು ಮುಟ್ಟುತ್ತಿರಲಿಲ್ಲ. ಬೆರಳಿನ ಉಂಗುರ ಕಾಣೆಯಾಗಿತ್ತು. ಆಲೂಗಡ್ಡೆ ಸುಲಿಯುವ ಸರದಿ ಅವಳದು ಬಂದಾಗ ಔನೆ ಚಾಕುವನ್ನು ಕಿತ್ತುಕೊಂಡು, "ಕೊಡು ಇಲ್ಲಿ, ನಂಗೂ ಹೊತ್ತು ಹೋಗಲ್ಲ" ಅಂದರು. ಮೆಟ್ಟಿಲು ಹತ್ತಿದರೆ ಹುಡುಗಿಗೆ ಏದುಸಿರು. ಭಾರ ಎತ್ತುವವಳಿಗೆ ಮೆಟ್ಟಿಲು ಭಾರವೇ?

"ಇಲ್ಪೊ, ನೀನಾದ್ರೂ ಕೇಳು ಅವಳನ್ನ."

"ಕೇಳ್ದೆ. ಭುಜ ಉಳುಕಿದೆ ಅಂದ್ಲು. ಭಾನುವಾರ ಸ್ಪರ್ಧೆ ಮುಗೀಲಿ, ಸೋಮವಾರ ನಾನೇ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ನೀನು ಸುಮ್ಸುಮ್ನೆ ಹೊಟ್ಟೆಲಿ ಬೆಂಕಿ ಹಾಕ್ಕೋಬೇಡ."

ಬೆಂಕಿ ಆಗಲೇ ಬಿದ್ದಿತ್ತು. ಒಲೆಯ ಮುಂದೆ ನಿಂತಾಗಲೂ, ಬಸ್ಸಿಗೆ ಕಾದಾಗಲೂ ತುಯಿರೆಗೆ ಒಂದೇ ಯೋಚನೆ: ನನ್ನ ಮಗು ನನ್ನ ಕಣ್ಣೆದುರೇ ಹೋಗುತ್ತಿದೆ, ಎಲ್ಲಿಗೆ ಅಂತ ಗೊತ್ತಿಲ್ಲ.

ಸ್ಪರ್ಧೆಯ ಹಿಂದಿನ ಶನಿವಾರ ಹಿಮ ಬೆರೆತ ಮಳೆ ಬೀಳುತ್ತಿತ್ತು. ನಾಲ್ಕು ಗಂಟೆಗೇ ಕತ್ತಲೆ. ಇಲ್ಪೊ ಸೌನಾ ಕಾಯಿಸಿಟ್ಟು ಎರಡನೇ ಬಿಯರು ತೆರೆದಿದ್ದ.

"ನಾನು ಬರಲ್ಲ," ಅಂದಳು ಸಿಲ್ಯಾ. "ಸ್ಪರ್ಧೆ ಹಿಂದಿನ ದಿನ ಸೌನಾ ಮಾಡಿದ್ರೆ ಶಕ್ತಿ ಇಳಿದುಹೋಗತ್ತೆ." ಮುಖ ಬಿಳುಚಿತ್ತು. ತುಯಿರೆಗೆ ಜಗಳಕ್ಕೂ ತ್ರಾಣವಿರಲಿಲ್ಲ.

ಅತ್ತೆ ಸೊಸೆ ಇಬ್ಬರೇ ಒಳಗೆ ಕೂತರು. ಕಾದ ಕಲ್ಲಿನ ಮೇಲೆ ನೀರು ಹಾಕುವುದು ಔನೆಯವರ ಹಕ್ಕು, ಯಾರಿಗೂ ಬಿಟ್ಟುಕೊಟ್ಟವರಲ್ಲ. ಇವತ್ತು ಸೌಟು ಮುಟ್ಟಲಿಲ್ಲ. ಕೆಳಗಿನ ಹಲಗೆಯಲ್ಲಿ ಕೂತು, ಕೈಗಳನ್ನು ತೊಡೆಯ ನಡುವೆ ಸಿಕ್ಕಿಸಿಕೊಂಡಿದ್ದರು.

"ಅತ್ತೆ, ಹುಷಾರಿಲ್ವಾ?"

"ತುಯಿರೆ..." ಅಂದರು ಅವರು. ಅಷ್ಟರಲ್ಲಿ ಹೊರಗಿನ ಬಚ್ಚಲಿನಿಂದ ಏನೋ ದಡಕ್ಕೆಂದು ಬಿದ್ದ ಸದ್ದು, ಹಿಂದೆಯೇ ಸಿಲ್ಯಾಳ ಕೂಗು.

"ಅಜ್ಜೀ! ಅಜ್ಜೀ!"

ಅಮ್ಮಾ ಅಂತಲ್ಲ. ತುಯಿರೆಯ ಕಿವಿಗೆ ಅದು ಆಗಲೇ ಬಿತ್ತು, ಆದರೆ ಯೋಚಿಸಲು ಹೊತ್ತೆಲ್ಲಿತ್ತು? ಬೆವರುವ ಮೈಯಲ್ಲೇ ಹೊರಗೆ ಓಡಿದಳು. ಹುಡುಗಿ ನೆಲದ ಮೇಲೆ ಕೂತಿದ್ದಳು. ಅಂಗಿ ಬಿಚ್ಚಲು ಹೋಗಿ ಅದು ತಲೆಯ ಮೇಲೆ ಸಿಕ್ಕಿಕೊಂಡಿತ್ತು. ಎಡತೋಳು ಹೊರಬಂದಿತ್ತು, ಬಲತೋಳು ಬಂದಿರಲಿಲ್ಲ.

"ಬರ್ತಿಲ್ಲ ಅಮ್ಮ... ಬರ್ತಿಲ್ಲ... ಉಸಿರು ಕಟ್ತಿದೆ..."

"ಅಲ್ಲಾಡಬೇಡ! ಇಲ್ಪೊ, ಕತ್ತರಿ ತಾ! ಮೀನು ಕತ್ತರಿಸೋದು! ಬೇಗ!"

ಕುತ್ತಿಗೆಯಿಂದ ಭುಜಕ್ಕೆ, ಭುಜದಿಂದ ಮಣಿಕಟ್ಟಿಗೆ ತುಯಿರೆ ಬಟ್ಟೆ ಸೀಳಿದಳು. ಎಂಬತ್ತು ಯೂರೋದ ಅಂಗಿ ಎರಡು ಹೋಳಾಗಿ ಬಿತ್ತು. ಅದರ ಒಳಗೆ ಇನ್ನೊಂದಿತ್ತು. ದಪ್ಪನೆಯ, ಮೈಬಣ್ಣದ ಬಿಗಿ ಬಟ್ಟೆ. ಅತ್ತೆಯ ಕಾಲುಚೀಲ. ಕಾಲ್ಬೆರಳು ಬರುವ ತುದಿಯನ್ನು ಕತ್ತರಿಸಿ, ಮಗಳ ತೋಳಿಗೆ ಏರಿಸಿದ್ದು.

ಅದನ್ನೂ ಸೀಳಿದಳು.

ತೋಳು ನೇರಳೆಗಟ್ಟಿತ್ತು. ಬಟ್ಟೆ ಬಿಟ್ಟೊಡನೆ ಅವರ ಕಣ್ಣೆದುರೇ ಉಬ್ಬತೊಡಗಿತು. ಭುಜದಿಂದ ಎದೆಯವರೆಗೆ ನೀಲಿ ನರಗಳು ಬೇರಿನ ಹಾಗೆ ಹರಡಿಕೊಂಡಿದ್ದವು. ಮುಟ್ಟಿದರೆ ಮಗಳ ಕೈ ಅನಿಸಲಿಲ್ಲ. ತುಯಿರೆ ಕತ್ತರಿ ಹಿಡಿದು ನಿಂತುಬಿಟ್ಟಳು. ಆ ದೊಡ್ಡ ಗಂಟಲು ಅವತ್ತು ಕೈಕೊಟ್ಟಿತು.

"ಆಂಬುಲೆನ್ಸ್ ಕರಿ ಇಲ್ಪೊ," ಅಂದರು ಔನೆ ಬಾಗಿಲು ಹಿಡಿದು ನಿಂತು. "ರಕ್ತ ಹೆಪ್ಪುಗಟ್ಟಿದೆ ಅಂತ ಹೇಳು. ಉಸಿರಾಟಕ್ಕೂ ತೊಂದ್ರೆ ಅಂತ ಹೇಳು."

ಸಿಲ್ಯಾ ಕುವೊಪಿಯೊಗೆ ಒಂದು ದಿನ ಮುಂಚೆಯೇ ಹೋದಳು, ಮಲಗಿಕೊಂಡು, ಮುಖಕ್ಕೆ ಆಮ್ಲಜನಕ ಕಟ್ಟಿಸಿಕೊಂಡು. ತುಯಿರೆ ಒದ್ದೆ ಕೂದಲಿನಲ್ಲೇ ಗಂಡನ ಕೋಟು ಹೊದ್ದು ಆಂಬುಲೆನ್ಸಿನ ಮುಂದಿನ ಸೀಟಿನಲ್ಲಿ ಕೂತಿದ್ದಳು. ಹಿಂದಿನಿಂದ ಕೆಮ್ಮು ಕೇಳಿದಾಗ ಹೆದರಿಕೆ, ಕೇಳದಿದ್ದಾಗ ಇನ್ನೂ ಹೆದರಿಕೆ.

ಅಲ್ಲಿನ ಆಸ್ಪತ್ರೆಯ ಡಾಕ್ಟರು ಅವಳ ಮಗಳಿಗಿಂತ ಹೆಚ್ಚು ದೊಡ್ಡವಳಲ್ಲದ ಒಬ್ಬ ಹುಡುಗಿ.

"ಕತ್ತಿನ ಕೆಳಗಿನ ಮೂಳೆ ಇದೆಯಲ್ಲ, ಅದರಡಿ ಹೋಗೋ ರಕ್ತನಾಳ ಪೂರ್ತಿ ಕಟ್ಟಿದೆ. ಹೆಪ್ಪಿನ ಒಂದು ಚೂರು ಶ್ವಾಸಕೋಶಕ್ಕೂ ಹೋಗಿದೆ. ಕರಗಿಸೋ ಔಷಧಿ ಕೊಡ್ತಿದ್ದೀವಿ. ಇನ್ನೊಂದು ಚೂರು ಹೋಗದೇ ಇದ್ರೆ ಒಳ್ಳೇದು. ಎರಡು ದಿನ ಕಾಯ್ಬೇಕು."

"ಆ ಬಿಗಿ ಬಟ್ಟೆಯಿಂದನಾ?"

"ಬಟ್ಟೆಯಿಂದ ಅಂತ ಹೇಳೋಕಾಗಲ್ಲ. ಭಾರ ಎತ್ತೋರಲ್ಲಿ ಅಪರೂಪಕ್ಕೆ ಈ ನಾಳ ಮೂಳೆಗೂ ಮಾಂಸಕ್ಕೂ ಮಧ್ಯೆ ನಲುಗಿ ಹೀಗಾಗತ್ತೆ. ಮನೇಲಿ ಬೇರೆ ಯಾರಿಗಾದ್ರೂ ಹೆಪ್ಪುಗಟ್ಟಿತ್ತಾ?"

"ಅವಳ ಅಜ್ಜಿಗೆ."

"ಹ್ಞೂಂ. ಬಟ್ಟೆ ಮಾಡಿದ್ದು ಒಂದೇ. ಊತಾನ ಒತ್ತಿ ಹಿಡಿದು, ಯಾರಿಗೂ ಕಾಣದ ಹಾಗೆ ಮಾಡ್ತು. ಕೈ ಊದಿದಾಗಲೇ ಕರ್ಕೊಂಡು ಬಂದಿದ್ರೆ ಇಷ್ಟಾಗ್ತಿರಲಿಲ್ಲ."

ಸಿಲ್ಯಾ ಕಣ್ಣು ತೆರೆದಾಗ ಮೊದಲು ಹೇಳಿದ್ದು, "ಅಜ್ಜಿನ ಬೈಬೇಡ ಅಮ್ಮ. ಕೈ ಊದ್ಕೊಂಡಿದೆ ಅಂತ ನಾನೇ ಹೇಳ್ದೆ. ಬಿಗಿಯಾಗಿ ಕಟ್ಟಿದ್ರೆ ಇಳಿಯತ್ತೆ ಅಂತ ಅಜ್ಜಿ ಕೊಟ್ಲು. ಇಳೀತು ಕೂಡ, ಮೊದಲು."

"ನಂಗೆ ಯಾಕೆ ಹೇಳಲಿಲ್ಲ?"

ಹುಡುಗಿ ಗೋಡೆಯ ಕಡೆ ತಿರುಗಿಕೊಂಡಳು. ಯಂತ್ರ ಪೀಂ ಪೀಂ ಅನ್ನುತ್ತಿತ್ತು. ತುಯಿರೆ ಅವಳ ಹೊದಿಕೆ ಸರಿಪಡಿಸಿದಳು.

ಭಾನುವಾರ ಬೆಳಗ್ಗೆ ಇಲ್ಪೊ ಕಾರಿನಲ್ಲಿ ಬಂದ. ಮಗಳ ಪಕ್ಕದಲ್ಲಿ ಕೂತು, "ಹೋಗು, ಸ್ನಾನ ಮಾಡಿ ಅವಳ ಬಟ್ಟೆ ತಾ. ನಾನಿರ್ತೀನಿ," ಅಂದ. ತುಯಿರೆ ಕಾರು ಓಡಿಸಿಕೊಂಡು ಮನೆಗೆ ಹೊರಟಳು. ದಾರಿಯುದ್ದಕ್ಕೂ ಅತ್ತೆಗೆ ಹೇಳಬೇಕಾದ್ದನ್ನು ಒಂದೊಂದೇ ಮಾತಾಗಿ ಜೋಡಿಸಿದಳು. ಒಂದಕ್ಕಿಂತ ಒಂದು ಹರಿತ. ಡಾಕ್ಟರು ಬರೆದುಕೊಟ್ಟ ಕಾಲುಚೀಲ ಕತ್ತರಿಸಿ ಮಗುವಿನ ಕೈಗೆ ಕಟ್ಟಲು ನಿಮಗೆ ಯಾರು ಹೇಳಿದರು? ನಿಮ್ಮ ತಲೆ ಎಲ್ಲಿ ಹೋಗಿತ್ತು? ಸಮುದ್ರದಷ್ಟು ಕೋಪವಿತ್ತು. ಅದರ ಅಡಿಯಲ್ಲಿ ಎರಡು ದಿನ, ಎರಡು ದಿನ ಅನ್ನುವ ಭಯ.

ಔನೆ ಹೊಸ್ತಿಲ ಬಳಿಯ ಬೆಂಚಿನಲ್ಲಿ ಕೋಟು ಹಾಕಿಕೊಂಡು, ಟೋಪಿ ಇಟ್ಟುಕೊಂಡು ಕೂತಿದ್ದರು. ಕಾಲ ಬಳಿ ಒಂದು ಚೀಲ.

"ಬದುಕಿದ್ದಾಳಾ?"

"ಇದ್ದಾಳೆ."

"ವೃದ್ಧಾಶ್ರಮಕ್ಕೆ ಫೋನ್ ಮಾಡಿದೀನಿ. ಭಾನುವಾರ ಅಲ್ವಾ, ಯಾರೂ ಎತ್ತಲಿಲ್ಲ. ನೀನೇ ಬಿಟ್ಟು ಬಾ. ಇನ್ನು ಈ ಮನೇಲಿ ನಂಗೇನು ಮುಖ ಇದೆ?"

ಜೋಡಿಸಿಟ್ಟ ಮಾತುಗಳೆಲ್ಲ ತುಯಿರೆಯ ನಾಲಿಗೆಯ ತುದಿಯಲ್ಲಿದ್ದವು. ಆದರೆ ಬಾಯಿಂದ ಬಂದದ್ದು ಬೇರೆ.

"ಅತ್ತೆ, ನಿನ್ನೆ ಅವಳ ಕೈ ನೋಡಿ ನಾನು ಕಲ್ಲಾಗಿ ನಿಂತಿದ್ದೆ. ನೀವು ನಿಲ್ಲಲಿಲ್ಲ. ಹೆಪ್ಪು ಅಂದ್ರಿ. ಮೊದಲೇ ನೋಡಿದ್ರಾ?"

ಔನೆ ಟೋಪಿಯ ಅಂಚು ಎಳೆದುಕೊಂಡರು.

"ಬುಧವಾರ."

"ಬುಧವಾರ!"

"ತೋಳಿನ ಕಾಲುಚೀಲ ಬಿಚ್ಚಿ ಮತ್ತೆ ಏರಿಸೋಕೆ ಬಂದಿದ್ಲು. ಬಣ್ಣ ನೋಡ್ದೆ. ನನ್ನ ಕಾಲೂ ಹಾಗೇ ಇತ್ತಲ್ಲ, ಗೊತ್ತಾಗದೆ ಇರತ್ತಾ? ಅಮ್ಮಂಗೆ ಹೇಳೋಣ ಅಂದೆ. ಬೇಡ ಅಜ್ಜಿ, ಭಾನುವಾರ ಕಳೀಲಿ ಅಂತ ಕಾಲು ಹಿಡ್ಕೊಂಡ್ಲು. ಆದ್ರೂ ಹೇಳ್ಬೇಕು ಅಂತ ಎಷ್ಟು ಸಲ ಬಂದೆ ಗೊತ್ತಾ? ನೀನು ಒಲೆ ಮುಂದೆ ನಿಂತಿರ್ತಿದ್ದೆ. ಬಾಗಿಲವರೆಗೂ ಬಂದು ಹಿಂದೆ ಹೋದೆ. ಹೆದರಿಕೆ ಆಯ್ತು."

"ಯಾವುದಕ್ಕೆ ಅತ್ತೆ? ಮಗು ಸಾಯೋದಕ್ಕಿಂತ ದೊಡ್ಡ ಹೆದರಿಕೆ ಯಾವುದು?"

ಮುದುಕಿ ಈಗ ತಲೆ ಎತ್ತಿದರು. ಕಣ್ಣು ಕೆಂಪಾಗಿದ್ದವು.

"ನಿಂಗೆ ಕಣೇ. ನಿಂಗೆ ಹೆದರಿದ್ವಿ. ಇಬ್ರೂ."

ತುಯಿರೆ ಬಾಗಿಲ ಚೌಕಟ್ಟಿಗೆ ಒರಗಿದಳು. ವಾರಗಟ್ಟಲೆ ಈ ಮನೆಯಲ್ಲಿ ಹೆದರಿದವಳು ತಾನೊಬ್ಬಳೇ ಅಂದುಕೊಂಡಿದ್ದಳು. ಗೋಡೆಯ ಆಚೆ ಇನ್ನಿಬ್ಬರು ಹೆದರಿಕೊಂಡು, ಬಾಯಿ ಮುಚ್ಚಿಕೊಂಡು, ಅವಳ ಹೆಜ್ಜೆ ಸದ್ದು ಕೇಳುತ್ತ ಕೂತಿದ್ದರು.

ತುಯಿರೆಯ ಕೋಟಿನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಇಲ್ಪೊನ ಹೆಸರು. ಇಬ್ಬರೂ ಅದನ್ನು ನೋಡಿದರು, ಎತ್ತಲು ತುಯಿರೆಯ ಕೈ ಬರಲಿಲ್ಲ. ಔನೆ ಅವಳ ಮಣಿಕಟ್ಟು ಹಿಡಿದರು. ತುಯಿರೆ ಫೋನ್ ಕಿವಿಗಿಟ್ಟಳು.

"ಅಮ್ಮ?" ಸಿಲ್ಯಾಳ ದನಿ, ಸಣ್ಣಗೆ. "ನೀನು ಕೂಗಲ್ಲ ಅಂದ್ರೆ ಒಂದು ಹೇಳ್ತೀನಿ."

"ಕೂಗಲ್ಲ. ಹೇಳು ಮಗಳೇ." ತುಯಿರೆಗೆ ತನ್ನ ದನಿ ತನಗೇ ಕೇಳಿಸಲಿಲ್ಲ, ಅಷ್ಟು ಮೆಲ್ಲಗಿತ್ತು.

"ನಂಗೆ ತುಂಬ ಭಯ ಆಗ್ತಿದೆ ಅಮ್ಮ."

ತುಯಿರೆ ಬೆಂಚಿನಲ್ಲಿ ಅತ್ತೆಯ ಪಕ್ಕ ಕುಸಿದು ಕೂತಳು.

"ನಂಗೂ ಕಣೇ," ಅಂದಳು. "ಹೇಳು, ನಾನು ಕೇಳ್ತಿದ್ದೀನಿ."